ಸೋಮವಾರದ ನೀರು

ಒಂದಾನೊಂದು ಕಾಲದಲ್ಲಿ, ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಒಂದು ಹೊಳೆಗೂ ಕಡಲಿಗೂ ದೊಡ್ಡ ಜಗಳವಿತ್ತಂತೆ. ಹೊಳೆ ಹಗಲೆಲ್ಲ ಮಣ್ಣು ಹೊತ್ತು ತಂದು ಅಳಿವೆಯ ಬಾಯಲ್ಲಿ ಸುರಿಯುವುದು, ಕಡಲು ಇರುಳೆಲ್ಲ ಅದನ್ನು ಎಳೆದೊಯ್ಯುವುದು. "ಇದು ನನ್ನ ಅಂಗಳ" ಅಂತ ಅದು, "ಇದು ನನ್ನ ಹೊಸ್ತಿಲು" ಅಂತ ಇದು. ಕೂಗಾಡಿ ಕೂಗಾಡಿ ಇಬ್ಬರಿಗೂ ಸಾಕಾಯಿತು. ಕೊನೆಗೆ ಬಾಗಿಲಿಗೆ ಒಬ್ಬ ಕಾವಲಿನವನನ್ನು ಇಡೋಣ ಎಂದು ಮಾತಾಯಿತು. ಆನೆ ಬಂತು, ಕೆಸರಲ್ಲಿ ಹೂತುಹೋಯಿತು. ಮೊಸಳೆ ಬಂತು, ಬಂದುಹೋಗುವವರನ್ನೆಲ್ಲ ತಿಂದು ಮುಗಿಸಿತು. ಏಡಿ ಬಂತು, ಅಡ್ಡಡ್ಡ ನಡೆದು ನಡೆದು ತಾನು ಎಲ್ಲಿ ನಿಲ್ಲಬೇಕೆಂಬುದನ್ನೇ ಮರೆಯಿತು. ಆಗ ಹೆಬ್ಬೆರಳ ಉಗುರಿನಷ್ಟಿದ್ದ ಚಿಪ್ಪಿನ ಜೀವಿ ಬಳಚು ಬಂದು "ನಾ ನಿಲ್ತೆ" ಅಂದಿತು. ಎರಡು ಚಿಪ್ಪುಗಳನ್ನು ಕದದ ಹಾಗೆ ಮುಚ್ಚಿಕೊಂಡು ಕೆಸರಲ್ಲಿ ಕೂತಿತು. ಅದು ಕೂತಲ್ಲಿ ಮಣ್ಣು ನಿಂತಿತು, ನೀರು ತಿಳಿಯಾಯಿತು. ಹೊಳೆ ಕಡಲುಗಳೆರಡೂ ನೆಮ್ಮದಿಯಿಂದ ತಮ್ಮ ತಮ್ಮ ಕೆಲಸಕ್ಕೆ ಹೋದವು. ಹೋಗುವಾಗ ಒಂದು ಮರೆತವು. ಕಾವಲು ಯಾವಾಗ ಮುಗಿಯುತ್ತದೆ ಎಂದು ಹೇಳಲಿಲ್ಲ.

ಅದಕ್ಕೇ ಪ್ರತಿ ವರ್ಷ ಮಳೆ ಬೀಳುವ ಮುಂಚೆ, ಬಳಚು ಹೆಕ್ಕುವ ಕೊನೆಯ ದಿನ, ಅಳಿವೆಯ ದಂಡೆಯ ಊರು ಹಳೆಬೇಲೆಯ ಹೆಂಗಸರು ಒಬ್ಬೊಬ್ಬರೂ ಒಂದು ಜೀವಂತ ಬಳಚನ್ನು ಕೆಸರಿಗೆ ಮರಳಿ ಬಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು: "ಇವತ್ತಿಗೆ ಸಾಕು, ಮಲಗು. ಮಳೆ ಹೋದಮೇಲೆ ಎಬ್ಬಿಸ್ತೆ."

ಈ ಕಥೆಯನ್ನು ನೇತ್ರಾ ತನ್ನ ಅಜ್ಜಿ ಹೊನ್ನಮ್ಮನ ತೊಡೆಯ ಮೇಲೆ ತಲೆಯಿಟ್ಟು ಕೇಳಿ ಕೇಳಿ ಬೆಳೆದವಳು. ಈಗ ಅವಳು ಹತ್ತನೇ ತರಗತಿ. ಪರಿಸರ ವಿಜ್ಞಾನದ ಪರೀಕ್ಷೆ ಹತ್ತಿರ ಬಂದಿತ್ತು. ಅಜ್ಜಿ ಹಾಸಿಗೆ ಹಿಡಿದಿದ್ದಳು.

ಆ ಹೊತ್ತಿಗೆ ಶಾಲೆಗಳಲ್ಲಿ ಕಾಗದದ ಪುಸ್ತಕ ಹೋಗಿ ಜೀವಪುಸ್ತಕ ಬಂದಿತ್ತು. ನೋಡಲಿಕ್ಕೆ ಸ್ಲೇಟಿನ ಹಾಗೆ. ಅದರ ಇನ್ನೊಂದು ತುದಿ ಅಳಿವೆಯ ದಂಡೆಯ ನೀರೋದುವ ಕೇಂದ್ರದಲ್ಲಿತ್ತು. ನೀರಲ್ಲಿ ಬದುಕುವ ಪ್ರತಿ ಜೀವವೂ ಒಂದಿಷ್ಟು ಲೋಳೆ, ಒಂದಿಷ್ಟು ಚರ್ಮದ ಪುಡಿ, ಮೊಟ್ಟೆಯ ಚೂರು ಬಿಟ್ಟುಹೋಗುತ್ತದಷ್ಟೆ. ಅದರೊಳಗಿನ ಎಳೆಗಳನ್ನು ಯಂತ್ರ ಓದಿ, ಈ ನೀರಲ್ಲಿ ಇಂಥದ್ದು ಇದೆ, ಇಂಥದ್ದು ಇಲ್ಲ ಎಂದು ಹೇಳುತ್ತಿತ್ತು. ಇದ್ದರೆ ಪಾಠ ಇರುತ್ತದೆ. ಒಂದು ವರ್ಷ ಪೂರ್ತಿ ಸಿಗದೇ ಹೋದರೆ ಪಾಠದ ಹಾಳೆ ಬೆಳ್ಳಗಾಗುತ್ತದೆ. ತಮ್ಮ ಊರಲ್ಲಿ ಇಲ್ಲದ್ದನ್ನು ಮಕ್ಕಳು ಯಾಕೆ ಉರುಹೊಡೆಯಬೇಕು ಎಂದು ದೊಡ್ಡವರು ಎಲ್ಲೋ ಕೂತು ಯೋಚಿಸಿ ಮಾಡಿದ ವ್ಯವಸ್ಥೆ. ಯೋಚನೆ ಒಳ್ಳೆಯದೇ ಇದ್ದಿರಬೇಕು.

ನೀರುನಾಯಿಯ ಹಾಳೆ ಬೆಳ್ಳಗಾದ ದಿನ ತರಗತಿಯಲ್ಲಿ ಬೆಂಚು ಬಡಿದಿದ್ದರು.

"ಐದು ಮಾರ್ಕಿನದ್ದು ಉಳೀತು ಮಾರಾಯ್ತಿ!" ಎಂದು ಪಕ್ಕದಲ್ಲಿ ಕೂರುವ ಲವೀನಾ ನೇತ್ರಾಳ ತೊಡೆಗೆ ಚಿವುಟಿದ್ದಳು. "ಇನ್ನು ಆ ಬಳಚು ಒಂದು ಸತ್ತರೆ ನಾವು ಪಾಸು."

"ಬಾಯಿ ಮುಚ್ಚೇ."

"ನಿನ್ನ ನೆಂಟರಾ ಅದು?"

ಉಳಿದಿದ್ದ ದೊಡ್ಡ ಪಾಠ ಅದೊಂದೇ. ಅದು ಬಿಟ್ಟರೆ ಅಂಬಲಿ ಮೀನು, ಪಾಚಿ, ಕಾಗೆ, ಹೆಗ್ಗಣ, ಮತ್ತೆ ಅಳೆಯುವ ವಿಧಾನಗಳ ಒಂದು ಅಧ್ಯಾಯ. ಬಳಚಿನ ಪಾಠಕ್ಕೆ ಹದಿನೈದು ಅಂಕ. ಪಾಠ ಇದ್ದು ಆ ಪ್ರಶ್ನೆ ಕೈತಪ್ಪಿದರೆ ಪಾಸಾಗುವುದು ಕಷ್ಟ.

ಅಳಿವೆಗೆ ಬೇಲಿ ಹಾಕಿ, ಬಳಚು ಹೆಕ್ಕುವುದನ್ನು ನಿಲ್ಲಿಸಿದಾಗ ನೇತ್ರಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಉಳಿದಿರುವುದನ್ನು ಉಳಿಸಬೇಕು, ಯಾರೂ ಕೆಸರಿಗೆ ಕಾಲಿಡಬಾರದು ಎಂದಾಯಿತು. ಅಂದಿನಿಂದ ಬಳಚನ್ನು ಕಣ್ಣಾರೆ ಕಂಡವರಿಲ್ಲ. ಯಂತ್ರ ಇದೆ ಎನ್ನುತ್ತಿತ್ತು, ಪುಸ್ತಕ ಇದೆ ಎನ್ನುತ್ತಿತ್ತು, ಅಜ್ಜಿಗೆ ಅಷ್ಟು ಸಾಕಿತ್ತು. ಸಂಜೆ ನೇತ್ರಾ ಹಾಸಿಗೆಯ ಹತ್ತಿರ ಕೂತು ಗಟ್ಟಿಯಾಗಿ ಓದಬೇಕು, ಅಜ್ಜಿ ನಡುವೆ ತಪ್ಪು ತೆಗೆಯಬೇಕು.

"'ಬಳಚು ಕೆಸರಿನೊಳಗಿದ್ದು ಎರಡು ನಾಳಗಳ ಮೂಲಕ ಉಸಿರಾಡುತ್ತದೆ.'"

"ನಾಳ ಅಂತೆ ನಾಳ. ಸೂಜಿ ಚುಚ್ಚಿದ ಹಾಗೆ ಎರಡು ತೂತು ಕಾಣ್ತದೆ. ಅಲ್ಲಿ ಕಾಲಿನ ಹೆಬ್ಬೆರಳು ಊರಬೇಕು. ಕಚಗುಳಿ ಆದ್ರೆ ಅದೆ ಅಂತ."

"ಕಚಗುಳಿ ಅಂತ ಬರೆದ್ರೆ ಶಾಲೆಯ ಅಕ್ಕೋರು ಒಪ್ಪೂದಿಲ್ಲ ಅಜ್ಜಿ."

"ಅವಳಿಗೆಂತ ಗೊತ್ತು? ಅವಳ ಕಾಲಿಗೆ ಯಾವಾಗ್ಲೂ ಚಪ್ಪಲಿ."

ಅಜ್ಜಿ ನಗುತ್ತಾ ಕೆಮ್ಮಿದಳು. ಕೆಮ್ಮು ನಿಂತಮೇಲೆ ಮೊಮ್ಮಗಳ ಕೈ ಹಿಡಿದಳು. "ಪ್ರಾಯೋಗಿಕ ಪರೀಕ್ಷೆಗೆ ನಿಮ್ಮನ್ನ ಬೇಲಿ ಒಳಗೆ ಬಿಡ್ತಾರಂತಲ್ಲ?"

"ಹೌದು. ನೀರು ತೆಗೆದು ನಾವೇ ಓದಿಸಬೇಕು."

"ಹಾಗಾದ್ರೆ ನಂದೊಂದು ಕೆಲಸ ಅದೆ. ಒಂದೇ ಒಂದು ಬಳಚು ಹುಡುಕಿ, ನನ್ನ ಹೆಸರು ಹೇಳಿ ಬಿಟ್ಟು ಬಾ. ಆ ಮಾತೂ ಹೇಳು. ಬಾಗಿಲಲ್ಲಿ ನಿಂತದ್ದನ್ನ ಮಲಗಿಸದೇ ಎಷ್ಟು ವರ್ಷ ಆಯ್ತು ಹೆಣ್ಣೇ. ನಂಗೆ ನಿದ್ದೆ ಬರೂದಿಲ್ಲ."

"ಆಯ್ತು ಅಜ್ಜಿ."

"ಹಾಗಲ್ಲ. ಕೈ ಮುಟ್ಟಿ ಹೇಳು."

ನೇತ್ರಾ ಕೈ ಮುಟ್ಟಿ ಹೇಳಿದಳು.

ಪ್ರಾಯೋಗಿಕ ಪರೀಕ್ಷೆಯ ಚೀಟಿ ಕೊರಳಿಗೆ ಹಾಕಿಕೊಂಡು ಅವಳು ಕೇಂದ್ರಕ್ಕೆ ಹೋದದ್ದು ಒಂದು ಸೋಮವಾರ. ಅವಳ ಅವ್ವಿ, ಹೆತ್ತ ತಾಯಿ ಗುಲಾಬಿ, ಅಲ್ಲೇ ನೀರು ತೆಗೆಯುವ ಕೆಲಸದವಳು. ದಿನವೂ ಮಧ್ಯಾಹ್ನ ಬೇಲಿಯ ಗೇಟು ತೆಗೆದು, ಮೆಟ್ಟಿಲಿಳಿದು, ಬಾಟಲಿ ತುಂಬಿ ತರುವುದು. ಕೇಂದ್ರ ನೋಡಿಕೊಳ್ಳುವವರು ಹುಲ್ಯಾಳ ಸರ್, ಬಾಗಲಕೋಟೆ ಕಡೆಯವರು, ಕಡಲು ಕಂಡರೆ ಆಗದವರು. ಎಸಿ ಕೋಣೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ.

"ಏನವಾ, ಪರೀಕ್ಷಾ ತಯಾರಿ ಜೋರೈತಿ? ಖರೇ ಅಂದ್ರ ನೀ ಇವತ್ತ ಬರಬಾರದಿತ್ತು."

"ಯಾಕೆ ಸರ್?"

"ಸೋಮವಾರ ಈ ಮಷಿನ್ನಿಗೆ ಏನ್ ರೋಗ ಬಡೀತೈತೋ ಆ ಶಿವನಿಗೇ ಗೊತ್ತು. ಉಳಿದ ದಿನ ಬಳಚು ಅಂತೈತಿ, ಸೋಮವಾರ ಇಲ್ಲ ಅಂತೈತಿ. ಎರಡು ಸಲ ರಿಪೇರಿಯವರು ಬಂದು ಹೋದ್ರು. ಕಡೀಕ ನಾವು ಸೋಮವಾರದ್ದು ಲೆಕ್ಕಕ್ಕೇ ತಗೊಳ್ಳೂದು ಬಿಟ್ಟೀವಿ. ಸೋಮವಾರದ ದೋಷ ಅಂತ ಹೆಸರಿಟ್ಟೀವಿ."

ಅಂದು ಹಾಗೆಯೇ ಆಯಿತು. ಅವ್ವಿ ತಂದ ನೀರನ್ನು ಯಂತ್ರ ಗುರ್ರೆನ್ನುತ್ತ ಜಾಲಾಡಿ, ಅಂಬಲಿ ಮೀನು ಇದೆ, ಪಾಚಿ ಇದೆ, ಬಳಚು ಇಲ್ಲ ಎಂದಿತು. "ನಾಳಿಗಿ ಬಾರವಾ" ಎಂದರು ಸರ್.

ಮಂಗಳವಾರ ನೇತ್ರಾ ಹೋದಾಗ ಅವ್ವಿ ಕೇಂದ್ರದ ಹಿಂದಿನ ಜಗಲಿಯಲ್ಲಿ ಬುತ್ತಿ ಬಿಚ್ಚಿ ಗಂಜಿ ಉಣ್ಣುತ್ತಿದ್ದಳು. ಗಂಜಿಗೆ ಮನೆಯ ಭರಣಿಯ ಚಟ್ನಿಪುಡಿ. ಬೇಲಿ ಹಾಕುವ ಮುಂಚಿನ ಕೊನೆಯ ಬೇಸಿಗೆಯಲ್ಲಿ ಅಜ್ಜಿ ಬಳಚಿನ ಮಾಂಸವನ್ನು ಉಪ್ಪು ಹಚ್ಚಿ ಕಲ್ಲಾಗುವಷ್ಟು ಒಣಗಿಸಿ ಇಟ್ಟಿದ್ದಳು. ಅವ್ವಿ ಅದನ್ನೇ ಆಗಾಗ ಒಂದೊಂದು ಹಿಡಿ ಮೆಣಸು ಬೆಳ್ಳುಳ್ಳಿ ಹಾಕಿ ಪುಡಿ ಮಾಡಿ, ಚಿಟಿಕೆ ಚಿಟಿಕೆಯಾಗಿ ವರ್ಷಗಟ್ಟಲೆ ತಿಂದುಕೊಂಡು ಬಂದಿದ್ದಳು. ಅದಿಲ್ಲದೆ ಅವಳಿಗೆ ಗಂಜಿ ಇಳಿಯುತ್ತಿರಲಿಲ್ಲ. ಉಂಡು, ಒಂದು ಲೋಟ ನೀರಲ್ಲಿ ಕೈ ತೊಳೆದಳು. ಕೇಂದ್ರಕ್ಕೆ ಸಿಹಿನೀರು ಬರುವುದೇ ಅಷ್ಟು. ಕೈಗವಸು ಹಾಕಿಕೊಂಡು ಮೆಟ್ಟಿಲಿಳಿದಳು. ನೀರಿನ ಅಂಚಿಗೆ ಬಂದವಳು ಬಲಗೈಯ ಗವಸನ್ನು ಕಳಚಿ, ಬರಿಗೈಯಲ್ಲಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಳೆಬೇಲೆಯ ಹೆಂಗಸರು ನೀರಿಗಿಳಿಯುವ ಮುಂಚೆ ಮಾಡುವುದೇ ಹಾಗೆ. ಗವಸು ಮತ್ತೆ ಏರಿಸಿ, ಅದೇ ಜಾಗದಲ್ಲಿ ಬಾಟಲಿ ಅದ್ದಿದಳು.

ಯಂತ್ರ ಈ ಸಲ ಬಳಚು ಇದೆ ಎಂದಿತು. "ನೋಡು, ರೋಗ ಹೋಗಿ ಶ್ಯಾಣ್ಯಾ ಆತು" ಎಂದರು ಸರ್.

ಪುಸ್ತಕದಲ್ಲಿ ಅಳೆಯುವ ವಿಧಾನದ ಅಧ್ಯಾಯವನ್ನು ನೇತ್ರಾ ಹಿಂದಿನ ದಿನವಷ್ಟೇ ಓದಿದ್ದಳು. ಸಿಕ್ಕಿದ್ದನ್ನಷ್ಟೇ ಅಲ್ಲ, ಗುರುತಾಗದೆ ಉಳಿದದ್ದನ್ನೂ ನೋಡಬೇಕು ಎಂದಿತ್ತು ಅಲ್ಲಿ. "ಸರ್, ಪಟ್ಟಿಯಲ್ಲಿ ಇಲ್ಲದ್ದನ್ನ ತೋರಿಸ್ತದಾ ಇದು?"

"ತೋರಸ್ತೈತಿ. ಯಾರ್ ನೋಡ್ತಾರ ಅದನ್ನ?" ಎನ್ನುತ್ತ ಗುಂಡಿ ಒತ್ತಿದರು. ಪರದೆಯ ಮೇಲೆ ಹೆಸರು ಬಂದವು: ತೆಂಗು. ಒಣಮೆಣಸು. ಬೆಳ್ಳುಳ್ಳಿ. ಸರ್ ಹೊಟ್ಟೆ ಕುಲುಕಿಸಿ ನಕ್ಕರು. "ಯಾರೋ ನಿಮ್ಮ ಹೊಳಿಗೆ ಒಗ್ಗರಣಿ ಹಾಕ್ಯಾರ ನೋಡವಾ!"

ನೇತ್ರಾಳಿಗೆ ನಗು ಬರಲಿಲ್ಲ. ತೆಂಗಿನ ಮರ ದಂಡೆಯಲ್ಲೇ ಇವೆ. ಮೆಣಸು, ಬೆಳ್ಳುಳ್ಳಿ ಅಳಿವೆಯಲ್ಲಿ ಎಲ್ಲಿ ಬೆಳೆಯುತ್ತವೆ? ನಿನ್ನೆಯ ನೀರಿನದೂ ತೋರಿಸಿ ಎಂದಳು. ನಿನ್ನೆ ಮೆಣಸೂ ಇರಲಿಲ್ಲ, ಬೆಳ್ಳುಳ್ಳಿಯೂ ಇರಲಿಲ್ಲ. ಸೋಮವಾರ ಅವ್ವಿಗೆ ಒಪ್ಪೊತ್ತು. ಸೂರ್ಯ ಮುಳುಗುವವರೆಗೆ ಒಂದು ತುತ್ತು ಬಾಯಿಗಿಡುವವಳಲ್ಲ.

ನಿನ್ನೆ ಆ ಕೈಗೆ ಚಟ್ನಿಪುಡಿ ಹತ್ತಿರಲಿಲ್ಲ. ನೇತ್ರಾ ಒಂದು ಬಾಟಲಿ ತೆಗೆದುಕೊಂಡು ಹೊರಗೆ ಹೋದಳು. ಅವ್ವಿ ಮುಟ್ಟಿದ ಜಾಗ ಬಿಟ್ಟು ದೂರ ನಡೆದು, ಗವಸು ಹಾಕಿದ ಕೈಯಲ್ಲೇ, ನೀರನ್ನು ಕಣ್ಣಿಗೆ ಒತ್ತಿಕೊಳ್ಳದೆ ಬಾಟಲಿ ಅದ್ದಿದಳು. ಜೀವನದಲ್ಲಿ ಮೊದಲ ಸಲ ನಮಸ್ಕಾರ ಮಾಡದೆ ನೀರು ಮುಟ್ಟಿದ್ದು.

ಮಂಗಳವಾರವಾದರೂ ಯಂತ್ರ ಬಳಚು ಇಲ್ಲ ಎಂದಿತು.

"ಈಗ ಮಂಗಳವಾರಾನೂ ಸುರು ಆತಲ್ಲೋ ಇದರ ರೋಗ!" ಎಂದು ಸರ್ ಯಂತ್ರದ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಹೊರಗೆ ನೀರು ಹಿಂದೆ ಸರಿದ ಇಳಿತದ ಹೊತ್ತು. ನೇತ್ರಾ ಕೆಸರಿಗಿಳಿದಳು. ಕೊರಳಲ್ಲಿ ಚೀಟಿ ಇತ್ತು, ತಡೆಯುವವರಿರಲಿಲ್ಲ. ಚಪ್ಪಲಿ ಬಿಟ್ಟು, ಲಂಗ ಎತ್ತಿ ಕಟ್ಟಿ, ಅಜ್ಜಿ ಹೇಳಿದ ಹಾಗೆ ಸೂಜಿತೂತುಗಳನ್ನು ಹುಡುಕುತ್ತ ನಡೆದಳು. ಕೆಸರು ಬೆಚ್ಚಗಿತ್ತು, ಜ್ವರ ಬಂದವರ ಅಂಗೈಯ ಹಾಗೆ. ಎಲ್ಲಿ ಹೆಬ್ಬೆರಳು ಊರಿದರೂ ಗಟ್ಟಿಯಾದದ್ದು ಏನೋ ಸಿಗುತ್ತಿತ್ತು. ಆಸೆಯಿಂದ ಬಗ್ಗಿ ತೆಗೆದರೆ ಚಿಪ್ಪು. ಎರಡೂ ಕದ ಮುಚ್ಚಿಕೊಂಡು, ಒಳಗೆ ಮಾಂಸವಿರಬೇಕಾದಲ್ಲಿ ಕರಿ ಮಣ್ಣು ತುಂಬಿಕೊಂಡು, ನಿಂತಲ್ಲೇ ನಿಂತ ಹಾಗೆ ಸತ್ತಿದ್ದವು. ಒಂದಲ್ಲ, ಹತ್ತಲ್ಲ. ಅಡಿಯೆಲ್ಲ ಅವೇ. ಎಷ್ಟು ವರ್ಷದಿಂದಲೋ. ಭರತದ ನೀರು ಏರಿ ಮೊಣಕಾಲು ಮುಟ್ಟುವವರೆಗೂ ಹುಡುಕಿದಳು. ಕಾಲಿಗೆ ಎಲ್ಲೂ ಕಚಗುಳಿ ಆಗಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ, ಯಂತ್ರ ಓದುತ್ತಿದ್ದ ಬಳಚು ಹೊಳೆಯದ್ದಲ್ಲ ಎಂದು ಅವ್ವಿಗೆ ಹೇಳಿದಳು. ಸಾರು ಕದಡುತ್ತಿದ್ದ ಸೌಟು ನಿಂತಿತು.

"ನನ್ನ ಕೈಯಿಂದಲಾ?"

"ನಿನ್ನ ಕೈಯ ಚಟ್ನಿಯಿಂದ."

"ಕೈ ತೊಳೀತೆ ಅಲ್ವನೇ."

"ತೊಳೆದರೆ ಹೋಗೂದಿಲ್ಲ ಅವ್ವಿ. ಆ ಯಂತ್ರಕ್ಕೆ ಧೂಳಿನಷ್ಟು ಸಾಕು."

ಗುಲಾಬಿ ತನ್ನ ಬಲಗೈಯನ್ನು ಬೇರೆಯವರದ್ದೆಂಬಂತೆ ನೋಡಿಕೊಂಡಳು. "ನಾ ಬರೀ ಉಂಡೆ. ಬರೀ ಕೈ ಮುಗಿದೆ. ಕೈ ಮುಗಿಯದೆ ನೀರಿಗೆ ಹೇಗೆ ಇಳೀಲಿ ಹೇಳು." ಕೋಣೆಯಿಂದ ಅಜ್ಜಿಯ ಕೆಮ್ಮು ಕೇಳಿಸಿತು. ದನಿ ತಗ್ಗಿಸಿದಳು. "ಯಾರಿಗೂ ಹೇಳಬೇಡ. ಮುದುಕಿ ಇರೋ ತನಕ ಆ ಪಾಠ ಇರಲಿ. ನಿನ್ನ ಪರೀಕ್ಷೆನೂ ಆಗಲಿ. ಭರಣಿಯಲ್ಲಿ ಇನ್ನೂ ಚೂರು ಅದೆ."

ನೇತ್ರಾ ಭರಣಿಯ ಮುಚ್ಚಳ ತೆಗೆದು ನೋಡಿದಳು. ತಳ ಕಾಣುತ್ತಿತ್ತು. ಇಡೀ ಅಳಿವೆಯ ಬಳಚು ಈಗ ಅದರೊಳಗಿತ್ತು. ಅದನ್ನು ಮುಗಿಸುವುದಕ್ಕೆ ಕಡಲೇನೂ ಬರಬೇಕಾಗಿರಲಿಲ್ಲ, ನಾಲ್ಕು ಹೊತ್ತಿನ ಗಂಜಿ ಸಾಕಿತ್ತು.

ಮರುದಿನದಿಂದ ಅವ್ವಿ ಚಟ್ನಿ ತಿನ್ನುವುದನ್ನು ಬಿಟ್ಟಳು. ಬೇಗ ಮುಗಿಯಬಾರದಲ್ಲ. ಬುತ್ತಿಯ ಮೂಲೆಯಲ್ಲಿ ಎಲೆಯ ಚೂರಿನಲ್ಲಿ ಒಂದು ಚಿಟಿಕೆ ಕಟ್ಟಿಕೊಂಡು ಹೋಗಿ, ಬರೀ ಗಂಜಿ ಉಂಡು, ಮೆಟ್ಟಿಲಿಳಿಯುವ ಮುಂಚೆ ಬೆರಳಿಗೆ ಹಚ್ಚಿಕೊಳ್ಳತೊಡಗಿದಳು. ನೇತ್ರಾ ಒಂದು ಮಧ್ಯಾಹ್ನ ಬೇಲಿಯ ಹೊರಗಿನಿಂದ ನೋಡಿದಳು. ಅವ್ವಿ ನೀರು ಮುಟ್ಟಿದಳು, ಕಣ್ಣಿಗೊತ್ತಿಕೊಳ್ಳಲಿಲ್ಲ. ಕೈಯನ್ನು ನೀರಲ್ಲಿ ಆಡಿಸಿದಳು, ಅಷ್ಟೆ.

ಶನಿವಾರ ಸಂಜೆ ಕೆಲಸದಿಂದ ಬಂದವಳು ಬುತ್ತಿ ಕುಕ್ಕಿ ಕೂತಳು. ಕಣ್ಣು ಕೆಂಪಾಗಿತ್ತು.

"ಎಂತ ಆಯ್ತು ಅವ್ವಿ?"

"ಇವತ್ತು ಮರೆತು ಕಣ್ಣಿಗೊತ್ತಿಕೊಂಡುಬಿಟ್ಟೆ. ಇಷ್ಟು ವರ್ಷ ಇದೇ ಚಟ್ನಿ, ಇದೇ ಕೈ. ಒಂದು ದಿನವೂ ಉರಿ ಬಂದಿರಲಿಲ್ಲ." ಸೆರಗಿನಿಂದ ಕಣ್ಣೊರೆಸಿದಳು. "ನಂಗಾಗೂದಿಲ್ಲ ನೇತ್ರಾ."

ಆ ದಿನ ಓದಲಿಕ್ಕೆ ಕೂತಾಗ ನೇತ್ರಾ ಪುಸ್ತಕ ತೆರೆಯಲಿಲ್ಲ. ಅಜ್ಜಿಯ ಹಾಸಿಗೆಯ ಅಂಚಿಗೆ ಕೂತು ಕೇಳಿದಳು: "ಅಜ್ಜಿ, ಜೀವಂತದ್ದು ಸಿಗದಿದ್ರೆ, ಒಣಗಿದ್ದು ಬಿಟ್ಟರೆ ಆಗ್ತದಾ?"

ಅಜ್ಜಿ ಮೇಲಿನ ಹಂಚು ನೋಡುತ್ತ ಮಲಗಿದ್ದಳು. "ಪುಸ್ತಕದಲ್ಲಿ ಪಾಠ ಅದೆ ಅಂತ ನೀನೇ ಅಂದಿದ್ದೆ."

"ಇದೆ ಅಜ್ಜಿ."

"ಪಾಠ ಇದ್ರೆ ಒಣಗಿದ್ದರ ಮಾತು ಯಾಕೆ ಬಂತು?"

ನೇತ್ರಾ ಮುಚ್ಚಿದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಹೊರಗೆ ಯಾರದೋ ಮನೆಯ ಮಿಕ್ಸಿ ಸದ್ದು ಮಾಡಿ ನಿಂತಿತು. ಮುದುಕಿ ಕೈ ಚಾಚಿ ಮೊಮ್ಮಗಳ ಪಾದವನ್ನು ತಡವಿ ಹಿಡಿದು, ಹೆಬ್ಬೆರಳನ್ನು ಮೆಲ್ಲಗೆ ಒತ್ತಿದಳು. ಉಗುರಿನ ಸಂದಿಯಲ್ಲಿ ಕರಿ ಕೆಸರು ಇನ್ನೂ ಇತ್ತು.

"ಎಲ್ಲ ಕಡೆ ಹುಡುಕಿದ್ಯಾ?"

"ಭರತ ಬರೋ ತನಕ."

"ಹೂಂ." ಅಜ್ಜಿ ಗೋಡೆಯ ಕಡೆ ತಿರುಗಿದಳು. ಗೋಡೆಗೆ ಹೇಳಿದ ಹಾಗೆ ಹೇಳಿದಳು. "ಅಲ್ಲೇ ಹುಟ್ಟಿದ್ದು. ಒಣಗಿದ್ರೂ ಅಲ್ಲಿಗೇ ಸೇರಲಿ. ಆದ್ರೆ ಪೂರ್ತಿ ಮಾತು ಹೇಳಬೇಡ. ಮೊದಲರ್ಧ ಸಾಕು. ಎಬ್ಬಿಸ್ತೆ ಅಂತ ಹೇಳಿ ಎಬ್ಬಿಸದೇ ಇರಬಾರದು."

ಪರೀಕ್ಷೆ ಸೋಮವಾರವಿತ್ತು. ಸ್ಲೇಟಿನ ಮೇಲೆ ಕೊನೆಯ ಪ್ರಶ್ನೆ ಹದಿನೈದು ಅಂಕದ್ದು: 'ನಿಮ್ಮ ಅಳಿವೆಯಲ್ಲಿ ಬಳಚಿನ ಇಂದಿನ ಸ್ಥಿತಿಯನ್ನು ಪುರಾವೆ ಸಹಿತ ವಿವರಿಸಿರಿ.' ಸುತ್ತ ಎಲ್ಲರೂ ಸರಸರ ಬರೆಯುತ್ತಿದ್ದರು. ಲವೀನಾ ತುಟಿ ಅಲುಗಿಸುತ್ತ ನಾಳ, ನಾಳ ಎಂದು ಗುನುಗುತ್ತಿದ್ದಳು. ನೇತ್ರಾ ಬರೆದಳು: 'ನಮ್ಮ ಅಳಿವೆಯಲ್ಲಿ ಬಳಚು ಇಲ್ಲ.' ಆಮೇಲೆ ಚಟ್ನಿಪುಡಿ, ಬೆರಳು, ಒಪ್ಪೊತ್ತು, ಮೆಣಸು, ಬೆಳ್ಳುಳ್ಳಿ, ಮಂಗಳವಾರದ ಎರಡನೇ ಬಾಟಲಿ, ಮಣ್ಣು ತುಂಬಿದ ಚಿಪ್ಪುಗಳು, ಎಲ್ಲ ಬರೆದಳು. ಅವ್ವಿಯನ್ನು ಬೆಳಿಗ್ಗೆಯೇ ಕೇಳಿದ್ದಳು. "ಬರಿ" ಎಂದಿದ್ದಳು ಅವ್ವಿ, "ಬರೆದಮೇಲೆ ನಾನೇ ಸರ್‌ಗೆ ಹೇಳ್ತೆ."

ಸ್ಲೇಟು ಉತ್ತರಗಳನ್ನು ಅಲ್ಲೇ ತಿದ್ದುತ್ತಿತ್ತು. ಮೊದಲ ಸಾಲು ಓದಿದ್ದೇ ಇಡೀ ಉತ್ತರಕ್ಕೆ ಕೆಂಪು ಗೀಟೆಳೆಯಿತು. ಸೊನ್ನೆ.

ನಡುವೆ ಓಡಾಡುತ್ತಿದ್ದ ಮುಕ್ತಾ ಅಕ್ಕೋರು ಬಗ್ಗಿ ನೋಡಿದರು. "ಎಂತ ಮಾಡಿಟ್ಟೆ ನೀನು? ಸುಲಭದ ಪ್ರಶ್ನೆ. ಪುಸ್ತಕ ಓದಲಿಲ್ಲವಾ?"

"ಓದಿದ್ದೆ ಅಕ್ಕೋರೇ."

"ಮತ್ತೆ?"

"ಹೊಳೆಗೂ ಹೋಗಿ ಬಂದೆ."

ಅಕ್ಕೋರು ಉತ್ತರವನ್ನು ಮೊದಲಿನಿಂದ ಓದತೊಡಗಿದರು. ಮಣ್ಣು ತುಂಬಿದ ಚಿಪ್ಪಿನ ಸಾಲಿಗೆ ಬಂದಾಗ ಅವರ ಕಣ್ಣು ಅಲ್ಲೇ ನಿಂತಿತು. ಗಂಟೆ ಬಡಿಯಿತು.

ಕೊರಳಿನ ಚೀಟಿಯ ಅವಧಿ ಅಂದು ಸಂಜೆಯವರೆಗೆ ಇತ್ತು. ಅವ್ವಿ ಮೆಟ್ಟಿಲ ಮೇಲೆ ಭರಣಿ ತಬ್ಬಿಕೊಂಡು ಕೂತಿದ್ದಳು. ಬೆಳಗಿನಿಂದ ಉಂಡಿರಲಿಲ್ಲ, ಕೈ ಬರಿದಾಗಿತ್ತು. ಈ ದಿನದ ಬಾಟಲಿ ಆಗಲೇ ತುಂಬಿ ಒಳಗೆ ಕೊಟ್ಟಾಗಿತ್ತು.

"ಹೇಗಾಯ್ತೇ?"

"ಆಯ್ತು."

"ಪಾಸಾಗ್ತೆ ಅಲ್ವಾ?"

ನೇತ್ರಾ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಅವ್ವಿಗೆ ತಿಳಿಯಲಿಲ್ಲ. ಇಬ್ಬರೂ ನೀರಿಗಿಳಿದರು. ಇಬ್ಬರೂ ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವ್ವಿ ಹೆಚ್ಚು ಹೊತ್ತು ಒತ್ತಿಕೊಂಡಳು.

ಇಳಿತದ ಕೆಸರಿನಲ್ಲಿ ನೇತ್ರಾ ಕೈಯಿಂದ ಒಂದು ಗುಳಿ ಮಾಡಿದಳು. ಭರಣಿ ಬಗ್ಗಿಸಿದಳು. ಒಂದಿಷ್ಟು ಕೆಂಪು ಪುಡಿ, ಅದರ ಹಿಂದೆ ಪುಡಿಯಾಗದೆ ಉಳಿದಿದ್ದ ಒಂದು ಇಡಿಯ ಬಳಚು, ಉಗುರಿನಷ್ಟೇ ದೊಡ್ಡದು, ಸುಕ್ಕಾಗಿ ಕಪ್ಪಾದದ್ದು, ಕೆಸರಿಗೆ ಬಿತ್ತು. ಅದರ ಮೇಲೆ ಮಣ್ಣು ಸರಿಸಿದಳು.

"ಇದು ಹೊನ್ನಮ್ಮನದ್ದು" ಎಂದಳು.

ದೂರದಲ್ಲಿ ಭರತ ತಿರುಗಿತ್ತು. ತೆಳುವಾದ ನೀರು ಕೆಸರಿನ ಮೇಲೆ ಹಾಸಿಕೊಂಡು ಬಂದು ಅವಳ ಬೆರಳುಗಳನ್ನು ಮುಟ್ಟಿತು.

"ಇವತ್ತಿಗೆ ಸಾಕು" ಎಂದಳು ನೇತ್ರಾ. "ಮಲಗು."

ನಾಲಗೆ ರೂಢಿಯಂತೆ ಮುಂದಿನ ಮಾತಿಗೆ ಹೊರಳಿತು. ಅವಳು ತುಟಿ ಬಿಗಿಹಿಡಿದಳು. ಅವ್ವಿ ಖಾಲಿ ಭರಣಿಯನ್ನು ನೀರಲ್ಲಿ ಅದ್ದಿ, ತೊಳೆದು, ಬೋರಲು ಹಾಕಿದಳು.